ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಹದಿಹರೆಯದವರ ಗ್ರಂಥಾಲಯ ಸೇವೆ

ಹದಿಹರೆಯದವರ ಗ್ರಂಥಾಲಯ ಸೇವೆ ಎಂದರೆ ಸುಮಾರು 12ರಿಂದ 18 ವರ್ಷ ವಯಸ್ಸಿನ ಓದುಗರಿಗಾಗಿ ಸಾರ್ವಜನಿಕ ಗ್ರಂಥಾಲಯಗಳು ನಡೆಸುವ ಕಾರ್ಯಕ್ರಮಗಳು, ಅವರಿಗೆಂದು ಕೂಡಿಡುವ ಪುಸ್ತಕಗಳು ಮತ್ತು ಅವರ ಓದಿಗೆ ನೀಡುವ ಮಾರ್ಗದರ್ಶನ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಈ ಸೇವೆಯು ಎರಡು ಇಲಾಖೆಗಳ ಮೂಲಕ ದೊರೆಯುತ್ತದೆ. ಪಟ್ಟಣಗಳ ಶಾಖಾ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿವೆ. ಹಳ್ಳಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನದಲ್ಲಿವೆ. ಹದಿಹರೆಯದವರಿಗೆಂದೇ ಪ್ರತ್ಯೇಕವಾದ ಗ್ರಂಥಾಲಯ ವ್ಯವಸ್ಥೆ ಕರ್ನಾಟಕದಲ್ಲಿ ರೂಪುಗೊಂಡಿಲ್ಲ. ಮಕ್ಕಳ ವಿಭಾಗ ಮತ್ತು ವಯಸ್ಕರ ವಿಭಾಗಗಳ ನಡುವೆ ಈ ವಯಸ್ಸಿನ ಓದುಗರು ಹಂಚಿಹೋಗುತ್ತಾರೆ.

ಪ್ರದೇಶ ಮತ್ತು ಓದುಗರು

ಮೂರು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಅವುಗಳ ಸ್ವರೂಪ ಒಂದೇ ಅಲ್ಲ. ಕೊಳ್ಳೇಗಾಲ ರೇಷ್ಮೆ ನೇಯ್ಗೆಗೆ ಹೆಸರಾದ ವ್ಯಾಪಾರದ ಊರು. ಯಳಂದೂರು ಸುವರ್ಣಾವತಿ ನದಿಯ ದಡದ ಚಿಕ್ಕ ಪಟ್ಟಣ. ಅದರ ತಾಲ್ಲೂಕಿನಲ್ಲಿಯೇ ಬಿಳಿಗಿರಿರಂಗನ ಬೆಟ್ಟವಿದೆ. ಹನೂರು ಹಿಂದೆ ಕೊಳ್ಳೇಗಾಲ ತಾಲ್ಲೂಕಿನ ಭಾಗವಾಗಿದ್ದು, 2018ರಿಂದ ಪ್ರತ್ಯೇಕ ತಾಲ್ಲೂಕಾಗಿ ಕಾರ್ಯನಿರ್ವಹಿಸುತ್ತಿದೆ. ಇದರ ಬಹುಭಾಗ ಗುಡ್ಡಗಾಡು ಮತ್ತು ಅರಣ್ಯ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿ.ಮೀ. ದೂರವಿದೆ. ಬೆಟ್ಟದ ಸುತ್ತಲಿನ ಇಂಡಿಗನತ್ತ, ಮೆದಗನಾಣೆ, ತುಳಸಿಕೆರೆ ಮುಂತಾದ ಊರುಗಳು ಕಾಡಿನ ನಡುವೆ ಇವೆ. ಅಲ್ಲಿನ ಮಕ್ಕಳಿಗೆ ಶಾಲೆಯೇ ದೂರದ ಮಾತಾಗಿರುವಾಗ ಗ್ರಂಥಾಲಯದ ದೂರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

2011ರ ಜನಗಣತಿಯ ಪ್ರಕಾರ ಚಾಮರಾಜನಗರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 61 ಇದ್ದು, ಅದೇ ವರ್ಷ ರಾಜ್ಯದ ಪ್ರಮಾಣ ಸುಮಾರು ಶೇ 75 ಇತ್ತು. ಈ ಅಂತರದಿಂದಾಗಿ ಇಲ್ಲಿನ ಹದಿಹರೆಯದವರಲ್ಲಿ ಅನೇಕರು ತಮ್ಮ ಮನೆಯಲ್ಲಿ ಸರಾಗವಾಗಿ ಓದಬಲ್ಲ ಮೊದಲ ತಲೆಮಾರಿನವರು. ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಇರುವುದು ವಿರಳ. ಶಾಲೆ ಬಿಟ್ಟ ಮೇಲೆ ಓದುವ ಅಭ್ಯಾಸ ಉಳಿಯಬೇಕಾದರೆ ಸಾರ್ವಜನಿಕ ಗ್ರಂಥಾಲಯವೇ ಅದಕ್ಕೆ ಆಸರೆ.

ಭಾಷೆಯ ಸಂಗತಿಯೂ ಸರಳವಾಗಿಲ್ಲ. ಬಿಳಿಗಿರಿರಂಗನ ಬೆಟ್ಟ ಮತ್ತು ಮಹದೇಶ್ವರ ಬೆಟ್ಟಗಳ ಪೋಡುಗಳಲ್ಲಿ ವಾಸಿಸುವ ಸೋಲಿಗರಿಗೆ ಕನ್ನಡಕ್ಕೆ ಹತ್ತಿರವಾದ ತಮ್ಮದೇ ನುಡಿಯಿದೆ. ತಮಿಳುನಾಡಿನ ಗಡಿಗೆ ಹೊಂದಿದ ಮಾರ್ಟಳ್ಳಿ, ಸಂದನಪಾಳ್ಯ ಮುಂತಾದ ಊರುಗಳಲ್ಲಿ ತಮಿಳು ಮನೆಮಾತು. ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ ನಿರಾಶ್ರಿತರ ವಸತಿಯಿದೆ. ಹೀಗಾಗಿ ಈ ಭಾಗದ ಗ್ರಂಥಾಲಯಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಒಂದು ಪಾಲಿನವರಿಗೆ ಪುಸ್ತಕದ ಕನ್ನಡವು ಎರಡನೆಯ ನುಡಿ. ಕನ್ನಡವೇ ಮನೆಮಾತಾದವರಿಗೂ ಪಠ್ಯಪುಸ್ತಕದ ಭಾಷೆಗಿಂತ ಊರಿನ ಆಡುಮಾತು ಬಹಳಷ್ಟು ಬೇರೆ.

ಇತಿಹಾಸ

ಗ್ರಂಥಾಲಯ ಕಾನೂನಿನ ದೃಷ್ಟಿಯಿಂದ ಕೊಳ್ಳೇಗಾಲ ಮತ್ತು ಯಳಂದೂರುಗಳ ಹಿನ್ನೆಲೆ ಪರಸ್ಪರ ಭಿನ್ನವಾಗಿದೆ. ಇಂದಿನ ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಪ್ರದೇಶ ಅದು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾನೂನು 1948ರಲ್ಲಿ ಮದರಾಸಿನಲ್ಲಿ ಅಂಗೀಕಾರವಾಯಿತು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ದೀರ್ಘ ಪ್ರಯತ್ನದ ಫಲವಾದ ಈ ಕಾನೂನು ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರವನ್ನೂ ಗ್ರಂಥಾಲಯ ಕರವನ್ನೂ ವಿಧಿಸಿತ್ತು. ಕೆಲವೇ ಮೈಲಿಗಳ ಅಂತರದ ಎರಡು ಊರುಗಳಲ್ಲಿ ಒಂದು ಗ್ರಂಥಾಲಯ ಕಾನೂನಿನ ವ್ಯಾಪ್ತಿಯಲ್ಲಿದ್ದು ಇನ್ನೊಂದು ಅದರ ಹೊರಗಿತ್ತು ಎಂಬುದು ಗಮನಾರ್ಹ.

ಮೈಸೂರು ಸಂಸ್ಥಾನದಲ್ಲಿ ಕಾನೂನು ಇರಲಿಲ್ಲವೆಂದ ಮಾತ್ರಕ್ಕೆ ಕೆಲಸ ನಡೆಯಲಿಲ್ಲವೆಂದಲ್ಲ. 1940ರ ದಶಕದಲ್ಲಿ ಆರಂಭವಾದ ಸಾಕ್ಷರತಾ ಪ್ರಚಾರದಿಂದ ಬೆಳೆದ ವಯಸ್ಕರ ಶಿಕ್ಷಣ ಸಮಿತಿಯು ಹಳ್ಳಿಗಳಲ್ಲಿ ವಾಚನಾಲಯಗಳನ್ನು ತೆರೆಯಿತು. ಹೊಸದಾಗಿ ಓದು ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ಹೊರತಂದಿತು. ಸಮಿತಿಯ ಗಮನವಿದ್ದದ್ದು ವಯಸ್ಕರ ಮೇಲೆ. ಆದರೆ ಸುಲಭ ಭಾಷೆಯ ಆ ಕಿರುಹೊತ್ತಗೆಗಳು ಶಾಲಾ ಬಾಲಕರ ಓದಿಗೂ ಒದಗುವಂಥವಾಗಿದ್ದವು.

ಏಕೀಕರಣದ ನಂತರ ರಾಜ್ಯದ ಎಲ್ಲ ಭಾಗಗಳಿಗೂ ಅನ್ವಯಿಸುವ ಮೈಸೂರು ಸಾರ್ವಜನಿಕ ಗ್ರಂಥಾಲಯ ಅಧಿನಿಯಮ 1965ರಲ್ಲಿ ಬಂತು. ಮರುವರ್ಷ ಸಾರ್ವಜನಿಕ ಗ್ರಂಥಾಲಯ ಇಲಾಖೆ ಸ್ಥಾಪನೆಯಾಯಿತು. ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ತೆರಿಗೆಯ ಮೇಲೆ ವಿಧಿಸುವ ಗ್ರಂಥಾಲಯ ಕರ ಈಗ ಶೇ 6ರಷ್ಟಿದೆ. ಮನೆಕಂದಾಯ ಕಟ್ಟುವ ಪ್ರತಿಯೊಂದು ಕುಟುಂಬವೂ ಗ್ರಂಥಾಲಯಕ್ಕೆ ಹಣ ಕೊಡುತ್ತಿದೆ. ಆದ್ದರಿಂದ ಇಲ್ಲಿ ಪುಸ್ತಕ ಎರವಲು ಪಡೆಯುವುದು ಯಾರದೋ ಔದಾರ್ಯದ ಫಲವಲ್ಲ ಎಂಬುದನ್ನು ಓದುಗರು ತಿಳಿದಿರುವುದು ಒಳ್ಳೆಯದು. 1997ರ ಆಗಸ್ಟ್ 15ರಂದು ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದ ಬಳಿಕ ಈ ತಾಲ್ಲೂಕುಗಳ ಗ್ರಂಥಾಲಯಗಳು ಮೈಸೂರಿನ ಬದಲು ಹೊಸ ಜಿಲ್ಲಾ ಕೇಂದ್ರದ ವ್ಯಾಪ್ತಿಗೆ ಬಂದವು.

2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಹದಿಹರೆಯದ ಓದುಗರ ಪಾಲಿಗೆ ಇದು ಇತ್ತೀಚಿನ ದಶಕಗಳ ಮುಖ್ಯ ಬದಲಾವಣೆ. ಈ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಎಂದು ಕರೆಯಲಾಗುತ್ತಿದೆ.

ಓದುವ ಬೆಳಕು

ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದ ಅವಧಿಯಲ್ಲಿ, 2020ರ ನವೆಂಬರ್‌ನಲ್ಲಿ ಮಕ್ಕಳ ದಿನಾಚರಣೆಯ ಸಂದರ್ಭಕ್ಕೆ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಇದರ ತಿರುಳು ಸರಳವಾಗಿದೆ: 6ರಿಂದ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ. ಅದುವರೆಗೆ ಸದಸ್ಯತ್ವಕ್ಕೆ ಠೇವಣಿ ಕಟ್ಟುವ ಪದ್ಧತಿಯಿತ್ತು. ಠೇವಣಿಯ ಮೊತ್ತ ಸಣ್ಣದೇ ಆದರೂ ಅದನ್ನು ಮನೆಯಲ್ಲಿ ಕೇಳಿ ಪಡೆಯಬೇಕಾದ ಹದಿನಾಲ್ಕರ ಬಾಲಕಿಗೆ ಅದೇ ಬಾಗಿಲ ಅಡ್ಡಪಟ್ಟಿಯಾಗಬಹುದಾಗಿತ್ತು.

ಸದಸ್ಯತ್ವದ ಜೊತೆಗೆ ಗಟ್ಟಿ ಓದು, ಕಥೆ ಹೇಳುವುದು, ಓದಿದ ಪುಸ್ತಕವನ್ನು ಪರಿಚಯಿಸುವುದು, ರಸಪ್ರಶ್ನೆ, ಚಿತ್ರ ಬಿಡಿಸುವುದು, ಪತ್ರ ಬರೆಯುವುದು ಮುಂತಾದ ಚಟುವಟಿಕೆಗಳನ್ನು ನಡೆಸಲು ಗ್ರಂಥಾಲಯ ಮೇಲ್ವಿಚಾರಕರಿಗೆ ಸೂಚನೆಯಿದೆ. ‘ಪುಸ್ತಕ ಜೋಳಿಗೆ’ ಎಂಬ ಪೂರಕ ಕಾರ್ಯಕ್ರಮದಲ್ಲಿ ಊರಿನವರಿಂದ, ಸಂಘಸಂಸ್ಥೆಗಳಿಂದ ಪುಸ್ತಕಗಳನ್ನು ದಾನವಾಗಿ ಸಂಗ್ರಹಿಸಲಾಗುತ್ತದೆ. ಜೋಳಿಗೆಯ ಹೆಸರು ಈ ಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ಜೋಳಿಗೆ ಹಿಡಿದು ಮನೆಮನೆಗೆ ಬರುವ ದೇವರಗುಡ್ಡರೂ ನೀಲಗಾರರೂ ಇಲ್ಲಿನ ಜನರಿಗೆ ಪರಿಚಿತರು. ದಾನದ ಪುಸ್ತಕಗಳಲ್ಲಿ ಹಳೆಯ ಪರೀಕ್ಷಾ ಮಾರ್ಗದರ್ಶಿಗಳು, ಯಾರೂ ಓದದ ಅಭಿನಂದನಾ ಗ್ರಂಥಗಳು ಸೇರಿಕೊಳ್ಳುವ ಸಂಭವವೂ ಇದೆ. ಬಂದದ್ದನ್ನೆಲ್ಲ ಕಪಾಟಿಗೆ ಏರಿಸದೆ ಆರಿಸಿಕೊಳ್ಳುವ ಕೆಲಸವನ್ನು ಮೇಲ್ವಿಚಾರಕರೇ ಮಾಡಬೇಕಾಗುತ್ತದೆ.

ಬೇಸಿಗೆ ರಜೆಯಲ್ಲಿ ಅರಿವು ಕೇಂದ್ರಗಳಲ್ಲಿ ಶಿಬಿರಗಳನ್ನು ನಡೆಸುವ ಪದ್ಧತಿ ಇತ್ತೀಚಿನದು. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ, ಆಗಸ್ಟ್ 12ರಂದು ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ ಆಚರಣೆಯಲ್ಲಿವೆ. ಪಟ್ಟಣದ ಶಾಖಾ ಗ್ರಂಥಾಲಯಗಳಲ್ಲಿ ಸಪ್ತಾಹದ ಅಂಗವಾಗಿ ಪುಸ್ತಕ ಪ್ರದರ್ಶನ, ಪ್ರಬಂಧ ಸ್ಪರ್ಧೆಗಳು ನಡೆಯುವುದುಂಟು. ವರ್ಷಕ್ಕೊಂದು ವಾರದ ಸ್ಪರ್ಧೆಗಿಂತ ವಾರಕ್ಕೊಂದು ಗಂಟೆಯ ಓದು ಹೆಚ್ಚು ಫಲಕಾರಿ ಎಂಬುದು ಗ್ರಂಥಾಲಯ ಕ್ಷೇತ್ರದವರ ಸಾಮಾನ್ಯ ಅಭಿಪ್ರಾಯ.

ಹದಿಹರೆಯದ ಓದುಗರ ವಿಶೇಷ ಅಗತ್ಯಗಳು

ಅಂತರರಾಷ್ಟ್ರೀಯ ಗ್ರಂಥಾಲಯ ಸಂಘಗಳ ಒಕ್ಕೂಟವು ಹದಿಹರೆಯದವರ ಸೇವೆಗೆಂದು ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿದೆ. ಈ ಓದುಗರನ್ನು ಮಕ್ಕಳಂತೆಯೂ ಕಾಣಬಾರದು, ದೊಡ್ಡವರೆಂದು ಬಿಟ್ಟುಬಿಡಲೂ ಬಾರದು, ಕಾರ್ಯಕ್ರಮಗಳನ್ನು ರೂಪಿಸುವಾಗ ಅವರನ್ನೇ ಸೇರಿಸಿಕೊಳ್ಳಬೇಕು ಎಂಬುದು ಅದರ ಮುಖ್ಯ ಸಲಹೆ. ಕರ್ನಾಟಕದ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವ ಸ್ಥಿತಿ ಹೀಗಿದೆ: ಮಕ್ಕಳ ಮೂಲೆಯಲ್ಲಿ ಚಿತ್ರಪುಸ್ತಕಗಳಿವೆ, ಇನ್ನೊಂದು ಕಡೆ ಸರ್ಕಾರಿ ಉದ್ಯೋಗದ ಪರೀಕ್ಷೆಗೆ ಸಿದ್ಧರಾಗುವವರ ಪುಸ್ತಕಗಳಿವೆ. ಏಳನೆಯ ತರಗತಿಯಿಂದ ಪದವಿಪೂರ್ವ ತರಗತಿಯವರೆಗಿನ ಓದುಗರು ಚಿತ್ರಪುಸ್ತಕವನ್ನು ನಾಚಿಕೆಯಿಂದ ಬಿಡುತ್ತಾರೆ, ಪರೀಕ್ಷೆಯ ಪುಸ್ತಕಕ್ಕೆ ಇನ್ನೂ ಸಲ್ಲುವುದಿಲ್ಲ. ಎಸ್‌ಎಸ್‌ಎಲ್‌ಸಿ ವರ್ಷ ಬಂದೊಡನೆ ಪಠ್ಯೇತರ ಓದನ್ನು ನಿಲ್ಲಿಸುವುದು ಬಹುತೇಕ ಮನೆಗಳ ರೂಢಿ. ಆ ವರ್ಷ ನಿಂತ ಓದು ಅನೇಕರಲ್ಲಿ ಮತ್ತೆ ಮೊದಲಾಗುವುದಿಲ್ಲ.

ಬಾಲಕಿಯರ ವಿಚಾರದಲ್ಲಿ ತೊಡಕು ಇನ್ನೂ ಹೆಚ್ಚು. ಹಳ್ಳಿಯ ವಾಚನಾಲಯವು ಬಹುಕಾಲದಿಂದ ಗಂಡಸರು ಪತ್ರಿಕೆ ಓದುವ ಜಾಗವಾಗಿ ಬೆಳೆದುಬಂದಿದೆ. ಶಾಲೆಯಿಂದ ಬಂದ ಹುಡುಗಿಗೆ ಮನೆಗೆಲಸವಿರುತ್ತದೆ. ಸಂಜೆಯಾದ ಮೇಲೆ ಹೊರಗೆ ಕಳುಹಿಸಲು ಮನೆಯವರು ಹಿಂಜರಿಯುತ್ತಾರೆ. ಕಾಡಂಚಿನ ಊರುಗಳಲ್ಲಿ ಆನೆಯ ಭಯದಿಂದ ಕತ್ತಲಾಗುವ ಮುನ್ನ ಎಲ್ಲರೂ ಮನೆ ಸೇರಬೇಕು. ಬಾಲಕಿಯರಿಗಾಗಿ ವಾರದಲ್ಲಿ ಒಂದು ಹೊತ್ತನ್ನು ಮೀಸಲಿಡುವುದು, ಶಾಲೆಗೇ ಪುಸ್ತಕದ ಪೆಟ್ಟಿಗೆಯನ್ನು ಒಯ್ದು ಎರವಲು ಕೊಡುವುದು, ಅಕ್ಕನ ಹೆಸರಿನ ಪುಸ್ತಕವನ್ನು ತಮ್ಮನೋ ತಂಗಿಯೋ ಹಿಂದಿರುಗಿಸಲು ಅವಕಾಶ ಕೊಡುವುದು ಇವೆಲ್ಲ ಹಣ ಬೇಡದ ಉಪಾಯಗಳು. ಓದನ್ನು ಮುಂದುವರಿಸುವ ಹುಡುಗಿಯ ಮದುವೆ ಮುಂದಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಈ ಕಾರಣದಿಂದ ಪ್ರೌಢಶಾಲೆಯ ಹುಡುಗಿಯರು ಗ್ರಂಥಾಲಯಕ್ಕೆ ಬರುತ್ತಿರುವರೇ ಎಂಬ ಪ್ರಶ್ನೆಗೆ ಪುಸ್ತಕದ ಆಚೆಗೂ ಮಹತ್ವವಿದೆ.

ಸೋಲಿಗ ಮಕ್ಕಳಲ್ಲಿ ಅನೇಕರು ಆಶ್ರಮ ಶಾಲೆ ಹಾಗೂ ವಸತಿ ನಿಲಯಗಳಲ್ಲಿ ಇದ್ದು ಓದುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಗಿರಿಜನ ಮಕ್ಕಳಿಗಾಗಿ ಶಾಲೆಯನ್ನು ನಡೆಸುತ್ತಿದೆ. ವಸತಿ ನಿಲಯದ ಮಕ್ಕಳಿಗೆ ಊರಿನ ಗ್ರಂಥಾಲಯ ದೊರೆಯುವುದು ರಜೆಯ ದಿನಗಳಲ್ಲಿ ಮಾತ್ರ. ಆದುದರಿಂದ ಬೇಸಿಗೆ ಶಿಬಿರಗಳು ಅವರ ಮಟ್ಟಿಗೆ ಹೆಚ್ಚಿನ ಬೆಲೆಯುಳ್ಳವು.

ಓದಿಗೆ ಸೂಚಿಸಬಹುದಾದ ಪುಸ್ತಕಗಳು

ರಂಗನಾಥನ್ 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ಎರಡು ಇಲ್ಲಿ ಪ್ರಸ್ತುತ: ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದೊಂದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಇನ್ನೊಂದು. ಹದಿಹರೆಯದವರಿಗೆ ಪುಸ್ತಕ ಸೂಚಿಸುವವರು ಸಾಮಾನ್ಯವಾಗಿ ತಮಗೆ ಹಿತವೆನಿಸಿದ್ದನ್ನು ಕೈಗಿಡುತ್ತಾರೆ. ಓದುವವರಿಗೆ ಏನು ಬೇಕೆಂದು ಕೇಳುವುದು ಕಡಿಮೆ. ಹಿಂದಿನ ತಲೆಮಾರಿನ ಎಷ್ಟೋ ಓದುಗರನ್ನು ಪುಸ್ತಕಕ್ಕೆ ಅಂಟಿಸಿದ್ದು ‘ಚಂದಮಾಮ’ ಮತ್ತು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಹಿರಿಯರು ಮೆಚ್ಚದ ಓದಿನಿಂದಲೇ ಹಿರಿಯರು ಮೆಚ್ಚುವ ಓದಿಗೆ ದಾಟಿದವರು ಕನ್ನಡದಲ್ಲಿ ಕಡಿಮೆಯಿಲ್ಲ.

ಕಾಡಂಚಿನ ಓದುಗರಿಗೆ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಒಳ್ಳೆಯ ಆರಂಭ. ‘ಪರಿಸರದ ಕತೆ’ಯ ಬಿಡಿ ಬಿಡಿ ಪ್ರಸಂಗಗಳು ಕಡಿಮೆ ಓದಿನ ಅಭ್ಯಾಸವುಳ್ಳವರಿಗೂ ಸಲ್ಲುತ್ತವೆ, ಅಲ್ಲಿಂದ ‘ಕರ್ವಾಲೊ’ ಕಾದಂಬರಿಗೆ ಹೋಗುವುದು ಕಷ್ಟವಲ್ಲ. ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯ ನಾಲ್ಕು ಭಾಗಗಳಾಗಿ ಕನ್ನಡಕ್ಕೆ ತಂದಿದ್ದಾರೆ. ಕಾವೇರಿ ಕಣಿವೆ ಮತ್ತು ಅದರ ಆಸುಪಾಸಿನ ಕಾಡುಗಳು ಆಂಡರ್ಸನ್‌ನ ಅಲೆದಾಟದ ನೆಲ. ಹನೂರಿನ ಹುಡುಗರು ಈ ಪುಸ್ತಕಗಳನ್ನು ಓದುವಾಗ ದೂರದ ಸಾಹಸವನ್ನು ಓದುತ್ತಿರುವುದಿಲ್ಲ; ತಮ್ಮ ಅಜ್ಜಂದಿರ ಕಾಲದ ಕಾಡನ್ನು ಬಿಳಿಯ ಬೇಟೆಗಾರನ ಕಣ್ಣಿನಿಂದ ನೋಡುತ್ತಿರುತ್ತಾರೆ. ಆ ಕಣ್ಣು ಸೋಲಿಗರನ್ನೂ ಹಳ್ಳಿಗರನ್ನೂ ಹೇಗೆ ಕಾಣುತ್ತದೆ ಎಂಬುದು ಗುಂಪಿನಲ್ಲಿ ಚರ್ಚಿಸಲು ಯೋಗ್ಯವಾದ ಪ್ರಶ್ನೆ. ಸಸ್ಯಲೋಕದ ಕುರಿತು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’, ಪರಿಸರ ವಿಜ್ಞಾನಕ್ಕೆ ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’ ಸ್ವಲ್ಪ ದೊಡ್ಡ ವಯಸ್ಸಿನವರಿಗೆ ಹೊಂದುತ್ತವೆ.

ಈ ಸೀಮೆಯಲ್ಲಿ ವೀರಪ್ಪನ್ ಹೆಸರನ್ನು ಕೇಳದೆ ಬೆಳೆದವರಿಲ್ಲ. ಅವನ ಹುಟ್ಟೂರು ಗೋಪಿನಾಥಂ ಇಂದು ಹನೂರು ತಾಲ್ಲೂಕಿನಲ್ಲಿದೆ. ಅವನು 2004ರಲ್ಲಿ ಹತನಾದ ಮೇಲೆ ಹುಟ್ಟಿದ ಮಕ್ಕಳಿಗೆ ಅವನು ಸಿನಿಮಾ ಮತ್ತು ಮೊಬೈಲ್ ದೃಶ್ಯಗಳ ಮೂಲಕ ಪರಿಚಿತ. 1997ರಲ್ಲಿ ಅವನಿಂದ ಅಪಹರಣಕ್ಕೆ ಒಳಗಾದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವನೊಂದಿಗೆ ಕಳೆದ ಹದಿನಾಲ್ಕು ದಿನಗಳ ಅನುಭವವನ್ನು ಬರೆದಿದ್ದಾರೆ. ವೀರನೆಂದೋ ರಾಕ್ಷಸನೆಂದೋ ಚಿತ್ರಿಸದೆ ಮನುಷ್ಯನನ್ನು ಹತ್ತಿರದಿಂದ ಕಂಡ ಬರಹ ಅದು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲಿ ಮಾಡಿದ ಕೆಲಸ ಮತ್ತು 1991ರಲ್ಲಿ ಅವರ ಹತ್ಯೆಯ ಸಂಗತಿಯನ್ನು ಇದರ ಜೊತೆಗೆ ತಿಳಿದುಕೊಂಡರೆ ಕಥೆಯ ಇನ್ನೊಂದು ಮಗ್ಗುಲು ಕಾಣುತ್ತದೆ.

ನೆಲದ ಕಾವ್ಯಗಳು ಇಲ್ಲಿನ ಗ್ರಂಥಾಲಯಗಳಿಗೆ ದೊರೆತಿರುವ ದೊಡ್ಡ ಆಸ್ತಿ. ಕಂಸಾಳೆಯ ದೇವರಗುಡ್ಡರು ಹಾಡುವ ಮಲೆ ಮಾದೇಶ್ವರ ಕಾವ್ಯ, ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಎರಡೂ ಈ ಭಾಗದ ಬಾಯಿಂದ ಬಾಯಿಗೆ ಹರಿದುಬಂದ ಮಹಾಕಾವ್ಯಗಳು. ಪಿ. ಕೆ. ರಾಜಶೇಖರ ಅವರ ಸಂಗ್ರಹವಲ್ಲದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದ ಮಾದೇಶ್ವರ ಕಾವ್ಯವನ್ನೂ ಹಿ. ಚಿ. ಬೋರಲಿಂಗಯ್ಯ ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನೂ ಪ್ರಕಟಿಸಿದೆ. ಇಡೀ ಸಂಪುಟವನ್ನು ಹದಿನೈದರ ಓದುಗರ ಕೈಗೆ ಕೊಟ್ಟರೆ ಅದು ಕಪಾಟಿಗೆ ಮರಳುವುದೇ ಹೆಚ್ಚು. ಒಂದು ಸಾಲನ್ನು, ಅಂದರೆ ಕಾವ್ಯದ ಒಂದು ಕಥಾಭಾಗವನ್ನು, ಆರಿಸಿ ಗಟ್ಟಿಯಾಗಿ ಓದಿಸುವುದು ಉಚಿತ. ಉದಾಹರಣೆಗೆ ಸಂಕಮ್ಮನ ಸಾಲು. ಕಾಡಿಗೆ ಹೊರಟ ಸೋಲಿಗ ಗಂಡ ನೀಲೇಗೌಡ ಹೆಂಡತಿಯ ಮೇಲೆ ಸಂಶಯಪಟ್ಟು ಆಣೆ ಮಾಡೆಂದು ಒತ್ತಾಯಿಸುತ್ತಾನೆ. ಆಣೆಗೆ ಒಪ್ಪದ ಸಂಕಮ್ಮ ಅವನ ಹಿಂಸೆಗೆ ಗುರಿಯಾಗುತ್ತಾಳೆ. ತಾನು ತಪ್ಪು ಮಾಡಿಲ್ಲವಾದರೆ ಆಣೆ ಏಕೆ ಎಂಬ ಅವಳ ನಿಲುವು ಮೊಬೈಲ್ ತೋರಿಸೆಂದು ಕೇಳಿಸಿಕೊಳ್ಳುವ ಇಂದಿನ ಹುಡುಗಿಯರಿಗೆ ವಿವರಣೆ ಇಲ್ಲದೆಯೇ ತಿಳಿಯುತ್ತದೆ. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣ ಬೇಡಲು ಹೋಗುವ ಭಾಗವೂ ಹೀಗೆಯೇ ಓದಿಸಿಕೊಳ್ಳುತ್ತದೆ. ಚಿಕ್ಕಲ್ಲೂರು ಜಾತ್ರೆಗೆ ಹೋಗಿಬಂದ ಮಕ್ಕಳಿಗೆ ಸಿದ್ಧಪ್ಪಾಜಿಯ ಹೆಸರು ಮೊದಲೇ ಗೊತ್ತಿರುತ್ತದೆ. ಎಚ್. ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾ ಪ್ರಸಂಗ’ ನಾಟಕವನ್ನು ಪಾತ್ರ ಹಂಚಿಕೊಂಡು ಓದಬಹುದು. ಹಾಡುವವರನ್ನೇ ಗ್ರಂಥಾಲಯಕ್ಕೆ ಕರೆಸಿ, ಅವರು ಹಾಡಿದ್ದನ್ನೂ ಪುಸ್ತಕದಲ್ಲಿ ಅಚ್ಚಾದದ್ದನ್ನೂ ಹೋಲಿಸಿ ನೋಡುವುದು ಇನ್ನೂ ಒಳ್ಳೆಯದು. ಒಂದೇ ಕಥೆ ಗಾಯಕರಿಂದ ಗಾಯಕರಿಗೆ ಬೇರೆಯಾಗುವುದನ್ನು ಕಂಡ ವಿದ್ಯಾರ್ಥಿಗೆ ಪಠ್ಯ ಎಂದರೇನು ಎಂಬ ಪಾಠವನ್ನು ಮತ್ತೆ ಹೇಳಬೇಕಾಗುವುದಿಲ್ಲ.

ಯಳಂದೂರಿಗೆ ಅಚ್ಚಿನ ಸಾಹಿತ್ಯಕ್ಕೂ ಹಿಂದಿನ ಕಾವ್ಯಪರಂಪರೆಯಿದೆ. ‘ರಾಜಶೇಖರ ವಿಳಾಸ’ವನ್ನು ಬರೆದ 17ನೆಯ ಶತಮಾನದ ಷಡಕ್ಷರದೇವನ ಗದ್ದುಗೆ ಅಲ್ಲಿದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿ ಹೊನ್ನಮ್ಮ ಯಳಂದೂರಿನವಳೆಂಬ ಪ್ರತೀತಿಯಿದೆ. ಅವಳ ಕೃತಿ ಬಹುಮಟ್ಟಿಗೆ ಪತಿವ್ರತೆಯ ಕರ್ತವ್ಯಗಳನ್ನು ಹೇಳುವುದಾದರೂ, ಹೆಣ್ಣೆಂದು ಹಳಿಯುವವರನ್ನು ನೇರವಾಗಿ ಪ್ರಶ್ನಿಸುವ ಭಾಗವೂ ಅದರಲ್ಲಿದೆ. ಹಳಗನ್ನಡದ ಚಂಪುವಿಗಿಂತ ಸಾಂಗತ್ಯದ ಭಾಷೆ ಸುಲಭವಾದ್ದರಿಂದ ಆಯ್ದ ಪದ್ಯಗಳನ್ನು ಪ್ರೌಢಶಾಲೆಯವರು ಓದಬಲ್ಲರು.

ಆಡುಮಾತಿನಲ್ಲಿ ಬರೆದ ಸಾಹಿತ್ಯ ಇಲ್ಲಿನ ಓದುಗರಿಗೆ ಬೇರೆ ಬಗೆಯ ಧೈರ್ಯ ಕೊಡುತ್ತದೆ. ನೆರೆಯ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರ ‘ಒಡಲಾಳ’ ಮತ್ತು ‘ಕುಸುಮಬಾಲೆ’ಗಳ ಕನ್ನಡ ಬೇರೆ ಜಿಲ್ಲೆಯವರಿಗೆ ತೊಡಕೆನಿಸುವುದುಂಟು. ಕೊಳ್ಳೇಗಾಲದವರಿಗೆ ಅದು ಮನೆಯ ಮಾತು. ತಾವು ಆಡುವ ಮಾತು ಪುಸ್ತಕದಲ್ಲಿ ಬರಬಹುದೆಂದು ಅರಿಯುವುದೇ ಒಂದು ಕಲಿಕೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಮತ್ತು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಆತ್ಮಕಥನಗಳನ್ನು ಪದವಿಪೂರ್ವ ಹಂತದವರಿಗೆ ಸೂಚಿಸಬಹುದು. ‘ಊರುಕೇರಿ’ಯ ನಗು ಓದುಗರನ್ನು ಬೇಗ ಒಳಗೆ ಕರೆದುಕೊಳ್ಳುತ್ತದೆ.

ಹದಿಹರೆಯದವರಿಗೆಂದೇ ಬರೆದ ಕನ್ನಡ ಪುಸ್ತಕಗಳ ಸಂಖ್ಯೆ ದೊಡ್ಡದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ನೀಡುತ್ತಿರುವ ಬಾಲಸಾಹಿತ್ಯ ಪುರಸ್ಕಾರದ ಪಟ್ಟಿ ಆಯ್ಕೆಗೆ ನೆರವಾಗುತ್ತದೆ. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’, ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’ ಈ ಪುರಸ್ಕಾರ ಪಡೆದ ಕೃತಿಗಳು. ಡಿಸೋಜ ಅವರ ಕಾದಂಬರಿಯ ವಸ್ತು ಅಣೆಕಟ್ಟಿನಿಂದ ಮುಳುಗಿದ ಊರು. ನೆಲೆ ತಪ್ಪುವ ಭಯವನ್ನು ಬಲ್ಲ ಅರಣ್ಯವಾಸಿ ಕುಟುಂಬಗಳ ಮಕ್ಕಳಿಗೆ ಅದು ಬೇರೆಯದೇ ಅರ್ಥ ಕೊಡಬಹ��ದು.

ವಿಷಯ ತಿಳಿಯಲು ಹಳೆಯ ಎರಡು ಆಕರಗಳು ಇನ್ನೂ ಅನೇಕ ಗ್ರಂಥಾಲಯಗಳಲ್ಲಿ ಸಿಗುತ್ತವೆ: ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ ಸಂಪುಟಗಳು ಮತ್ತು ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶ. ಇವುಗಳಲ್ಲಿನ ವಿಜ್ಞಾನದ ಮಾಹಿತಿ ಹಳತಾಗಿದೆ. ಭಾಷೆ ಮಾತ್ರ ಹಳತಾಗಿಲ್ಲ. ವಿಜ್ಞಾನವನ್ನು ಕನ್ನಡದಲ್ಲಿ ವಿವರಿಸುವುದು ಹೇಗೆಂದು ನೋಡಲು ಇಂದಿಗೂ ಅವು ಮಾದರಿ. ಹೊಸ ಮಾಹಿತಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ನೋಡಬಹುದು.

ತಮಿಳು ಮನೆಮಾತಿನ ಓದುಗರಿಗೆ ದ್ವಿಭಾಷಾ ಪುಸ್ತಕಗಳು ಉಪಯುಕ್ತ. ಒಂದೇ ಕಥೆ ಕನ್ನಡ, ತಮಿಳು ಎರಡರಲ್ಲಿಯೂ ದೊರೆಯುವಂತೆ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಪ್ರಥಮ್ ಬುಕ್ಸ್ ಪ್ರಕಟಣೆಗಳು ಇವೆ. ಸೋಲಿಗ ನುಡಿಗೆ ಇಂಥ ಅನುಕೂಲವಿಲ್ಲ. ಗೊರುಕನದ ಹಾಡುಗಳನ್ನೂ ಹಿರಿಯರು ಹೇಳುವ ಗಿಡಮರಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಮಕ್ಕಳೇ ಬರೆದಿಟ್ಟು ಗ್ರಂಥಾಲಯದಲ್ಲಿ ಇಡುವುದು ಸಾಧ್ಯವಿರುವ ಒಂದು ದಾರಿ.

ಓದುಗರ ಕೂಟ ನಡೆಸುವ ಬಗೆ

ಹದಿಹರೆಯದವರ ಓದುಗರ ಕೂಟಕ್ಕೆ ಎಂಟು ಹತ್ತು ಮಂದಿ ಸಾಕು. ಎಲ್ಲರಿಗೂ ಒಂದೇ ಪುಸ್ತಕದ ಪ್ರತಿಗಳು ಹಳ್ಳಿಯ ಗ್ರಂಥಾಲಯದಲ್ಲಿ ಇರುವುದಿಲ್ಲವಾದ್ದರಿಂದ ಒಬ್ಬರು ಓದಿ ಉಳಿದವರು ಕೇಳುವ ಕ್ರಮವೇ ಅನುಕೂಲ. ಓದಿನ ಬಳಿಕ ನೀತಿ ಏನೆಂದು ಕೇಳುವುದು ಪಾಠದ ಕೊಠಡಿಯ ಅಭ್ಯಾಸ. ಕೂಟದಲ್ಲಿ ಅದನ್ನು ಬಿಡುವುದು ಮೇಲು. ಯಾವ ಪಾತ್ರ ಮಾಡಿದ್ದು ಸರಿಯೆನಿಸಲಿಲ್ಲ, ಎಲ್ಲಿ ಬೇಸರವಾಯಿತು, ಕಥೆ ನಮ್ಮೂರಿನಲ್ಲಿ ನಡೆದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಳಿಂದ ಮಾತು ಬೆಳೆಯುತ್ತದೆ. ಪುಸ್ತಕವನ್ನು ಅರ್ಧಕ್ಕೆ ಬಿಡುವ ಸ್ವಾತಂತ್ರ್ಯವೂ ಓದುಗರಿಗೆ ಇರಬೇಕು. ಪುಸ್ತಕದ ಕೊನೆಯ ರಕ್ಷಾಪುಟಕ್ಕೆ ಒಂದು ಚೀಟಿ ಅಂಟಿಸಿ, ಓದಿದವರು ಎರಡು ಸಾಲಿನ ಅಭಿಪ್ರಾಯ ಬರೆಯುವಂತೆ ಮಾಡಿದರೆ ಮುಂದಿನ ಓದುಗರಿಗೆ ಅದೇ ಶಿಫಾರಸು. ಸಮವಯಸ್ಕರ ಮಾತಿಗೆ ಈ ವಯಸ್ಸಿನಲ್ಲಿ ಇರುವ ಬೆಲೆ ಮೇಷ್ಟರ ಮಾತಿಗಿಲ್ಲ.

ಇಂಥ ಕೂಟಗಳು ಬಾಳುವುದು ಮೇಲ್ವಿಚಾರಕರ ಆಸಕ್ತಿಯ ಮೇಲೆ. ಗಡಿಯಾಚೆಯ ಕೇರಳದಲ್ಲಿ ಪಿ. ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘವು ಊರವರೇ ನಡೆಸುವ ಗ್ರಂಥಾಲಯಗಳ ಜಾಲವಾಗಿ ಬೆಳೆಯಿತು. ಕರ್ನಾಟಕದ ಗ್ರಂಥಾಲಯಗಳು ಸರ್ಕಾರದಿಂದ ಕೆಳಗಿಳಿದು ಬಂದವು. ಹೀಗಾಗಿ ಊರಿನವರಲ್ಲಿ ಅದು ತಮ್ಮದೆಂಬ ಭಾವನೆ ಬೇರೂರಲು ಹೆಚ್ಚು ಕಾಲ ಬೇಕಾಗಿದೆ.

ಡಿಜಿಟಲ್ ಓದು

2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ‘ಎಲ್ಲರಿಗಾಗಿ ಎಲ್ಲೆಡೆ ಗ್ರಂಥಾಲಯ’ ಎಂಬ ಹೆಸರಿನಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ನೋಂದಣಿ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಮತ್ತು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣಗಳಲ್ಲಿಯೂ ಕನ್ನಡದ ಓದು ಸಿಗುತ್ತದೆ. ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳಲ್ಲಿ ಮೊಬೈಲ್ ಸಂಕೇತವೇ ದುರ್ಬಲವಾಗಿರುವುದರಿಂದ ಅಲ್ಲಿ ಅಚ್ಚಿನ ಪುಸ್ತಕಕ್ಕೆ ಬದಲಿಯಿಲ್ಲ.

ಮಕ್ಕಳ ಗ್ರಾಮಸಭೆ ಮತ್ತು ಗ್ರಂಥಾಲಯ

ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯ ಅವಧಿಯಲ್ಲಿ, ಮಕ್ಕಳ ಗ್ರಾಮಸಭೆ ನಡೆಸಬೇಕು. 18 ವರ್ಷದೊಳಗಿನವರು ತಮ್ಮ ಬೇಡಿಕೆಗಳನ್ನು ಪಂಚಾಯಿತಿಯ ಮುಂದೆ ನೇರವಾಗಿ ಇಡುವ ವೇದಿಕೆ ಇದು. ಹಳ್ಳಿಯ ಗ್ರಂಥಾಲಯ ಈಗ ಪಂಚಾಯಿತಿಗೆ ಸೇರಿರುವುದರಿಂದ, ಗ್ರಂಥಾಲಯ ತೆರೆಯುವ ವೇಳೆ, ಬಾಲಕಿಯರಿಗೆ ಮೀಸಲು ಹೊತ್ತು, ಶೌಚಾಲಯ, ಬೆಳಕು, ಬೇಕಾದ ಪುಸ್ತಕಗಳ ಪಟ್ಟಿ ಇವೆಲ್ಲವನ್ನೂ ಈ ಸಭೆಯಲ್ಲಿ ಕೇಳಬಹುದು. ಬಾಯಿಮಾತಿನಲ್ಲಿ ಹೇಳಿದ್ದು ನಡಾವಳಿಯ ಪುಸ್ತಕದಲ್ಲಿ ಸೇರದೆ ಹೋಗಬಹುದು. ಆದ್ದರಿಂದ ಬೇಡಿಕೆಯನ್ನು ಬರೆದುಕೊಟ್ಟು, ಅದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಂಡರೆ ಮುಂದಿನ ವರ್ಷದ ಸಭೆಯಲ್ಲಿ ಅದರ ಬಗ್ಗೆ ಉತ್ತರ ಕೇಳಲು ಸಾಧ್ಯವಾಗುತ್ತದೆ.